ಮೂರನೇ ಪೆಟ್ಟಿಗೆಯ ಬಿಸಿ

ಹಸಿರು, ಹಸಿರು, ದಿನ ತುಂಬದೆ ಹುಟ್ಟಿದ ಆರು ಕೂಸುಗಳನ್ನು ಬೆಚ್ಚಗಿಡುವ ಆರೂ ಪೆಟ್ಟಿಗೆಗೂ ಹಸಿರು, ಆದರೆ ಪರದೆಯ ಮೂಲೆಯಲ್ಲಿ ಅದೇನದು — ಲಾಗಿನ್ ಆಗಿರುವ ಮೇಲ್ವಿಚಾರಕರು: ಇಬ್ಬರು — ಇಬ್ಬರು ಹೇಗಾಗುತ್ತಾರೆ, ಈ ಆಸ್ಪತ್ರೆಯಲ್ಲಿ ಆ ಪಾಸ್‌ವರ್ಡ್ ಇರುವುದು ನನ್ನೊಬ್ಬಳ ಹತ್ತಿರ, ನಾನೇ ಎರಡು ಸಲ ತೆರೆದಿಟ್ಟೆನೇನೋ, ಮುಚ್ಚಿದೆ, ಮತ್ತೆ ತೆರೆದೆ, ಇಬ್ಬರೇ, ಅಯ್ಯೋ ದೇವರೇ, ವೆಬ್ ಪುಟವಲ್ಲವೇ ಇದು, ಲೋಕದ ಯಾವ ಮೂಲೆಯಿಂದಲಾದರೂ ತೆರೆದುಕೊಳ್ಳುತ್ತದೆ, ಪಾಸ್‌ವರ್ಡ್ ಇಲ್ಲದೆಯೂ ನುಗ್ಗುವಂಥ ತೂತಿದೆ, ಬೇಗ ಮುಚ್ಚಿಕೊಳ್ಳಿ ಎಂದು ಪೆಟ್ಟಿಗೆ ಮಾರಿದ ಕಂಪನಿಯವರು ಹೋದ ವಾರವೇ ಬಡಕೊಂಡಿದ್ದರು, ನಾನೂ ಸಾಹೇಬರ ಮುಂದೆ ಬಡಕೊಂಡೆ, ತೂತು ಮುಚ್ಚೋಕೆ ಅರ್ಧ ಗಂಟೆ ಇದನ್ನ ನಿಲ್ಲಿಸ್ಬೇಕು ಸರ್, ನಕ್ಕರು, ನೆಟ್ಟಗೆ ಓಡ್ತಿರೋದನ್ನ ಯಾಕಮ್ಮ ಕೆದಕ್ತೀಯ, ಅಲ್ಲೀವರೆಗೆ ಪೆಟ್ಟಿಗೆ ಪೆಟ್ಟಿಗೆಗೂ ಹೋಗಿ ಬಿಸಿ ನೋಡೋಕೆ ಯಾರಿಗಿದೆ ಪುರುಸೊತ್ತು, ತಲೇಲಿ ಇಲ್ಲದ ಹುಳ ಬಿಟ್ಕೋಬೇಡ — ಬಿಟ್ಟುಕೊಂಡಿದ್ದೇನೆ ಸರ್, ಮೂರನೇ ಪೆಟ್ಟಿಗೆ ನಮ್ಮದು, ತಂಗಿಯ ಮಗಳು, ಏಳು ತಿಂಗಳಿಗೇ ಹುಟ್ಟಿದ್ದು, ಇನ್ನೂ ಹೆಸರಿಟ್ಟಿಲ್ಲ, ಗುಬ್ಬಿ ಅನ್ನುತ್ತೇವೆ, ಮೂವತ್ತಾರೂವರೆ, ಮೈಗೆ ಅಂಟಿಸಿದ ತಂತಿ ಹೇಳುವ ಬಿಸಿ, ಏರಿದರೂ ಇಳಿದರೂ, ತಂತಿ ಕಳಚಿದರೂ ಗಂಟೆ, ಗಂಟೆ ಹೊಡೆದರೆ ನರ್ಸ್ ಓಡುತ್ತಾಳೆ, ಹೊಡೆಯದಿದ್ದರೆ ಇಲ್ಲ, ಆರು ಕೂಸಿಗೆ ಒಬ್ಬಳೇ, ಮಹಡಿ ಮೇಲಿನ ಕೂಸುಗಳ ವಾರ್ಡಿಗೆ ಫೋನ್ ಮಾಡಿ ಕೇಳಿದೆ, ಎಲ್ಲಾ ಹಸಿರಿದೆ ಮೇಡಂ, ಏನ್ ಗಾಬರಿ ನಿಮ್ದು, ಹೌದು ಹಸಿರೇ, ಮೂವತ್ತಾರೂವರೆ, ಯಾವನೋ ಪೋಲಿ ಇಣುಕುತ್ತಿದ್ದಾನೆ ಅಷ್ಟೇ, ನೋಡಿದರೇನು ಸವೆದುಹೋಗುತ್ತದೆಯೇ, ಸಮಾಧಾನ ಮಾಡಿಕೋ, ಮೂವತ್ತಾರೂವರೆ.

ಫೋನ್, ತಂಗಿ, ಗುಬ್ಬಿಗೇನಾಯ್ತೋ, ಆದರೆ ನಗುತ್ತಿದ್ದಾಳೆ, ಅಕ್ಕಾ, ಡಾಕ್ಟ್ರು ಗುಬ್ಬೀನ ಹೊರಗೆ ತೆಗೆದ್ರು ಕಣೇ, ತಂತಿ ಗಿಂತಿ ಎಲ್ಲಾ ಬಿಚ್ಚಿ ನನ್ನೆದೆ ಮೇಲೆ ಮಲಗಿಸಿದಾರೆ, ಎಷ್ಟೊತ್ತಾಯ್ತೇ, ಆಗ್ಲೇ ಕಾಲು ಗಂಟೆ ಆಯ್ತು, ಮೂಗು ಥೇಟ್ ನಿಂದೇ, ಪಾಪ, ನಾನೂ ನಕ್ಕೆ, ಕಣ್ಣು ತುಂಬಿ ಬಂತು, ನಗುತ್ತಲೇ ಪರದೆ ನೋಡಿದೆ — ಮೂರನೇ ಪೆಟ್ಟಿಗೆ, ಬಿಚ್ಚಿದ ತಂತಿ, ಮಗುವಿಲ್ಲದ ಹಾಸಿಗೆ, ಮೂವತ್ತಾರೂವರೆ, ಹಸಿರು — ಹಾಗಾದರೆ ಉಳಿದ ಐದು, ಅವುಗಳ ನಿಜವಾದ ಬಿಸಿ ಎಷ್ಟು, ಯಾವುದು ಬೇಯುತ್ತಿದೆಯೋ, ಯಾವುದು ತಣ್ಣಗಾಗುತ್ತಿದೆಯೋ, ನರ್ಸಮ್ಮ, ಪರದೆ ನೋಡ್ಬೇಡಿ, ಕೈಯಿಟ್ಟು ನೋಡಿ, ಒಂದೊಂದನ್ನೂ ಮುಟ್ಟಿ ನೋಡಿ, ರಿಂಗಾಗುತ್ತಿದೆ, ಎತ್ತಮ್ಮ ತಾಯಿ, ರಿಂಗಾಗುತ್ತಲೇ ಇದೆ, ಓಡಬೇಕು, ಮಹಡಿಗೆ ಓಡಬೇಕು, ಖಾಲಿ ಪೆಟ್ಟಿಗೆ, ಮೂವತ್ತಾರೂವರೆ, ಖಾಲಿ ಪೆಟ್ಟಿಗೆ, ಮೂವತ್ತಾರೂವರೆ