ದಾಟದೆ ಹಿಂತಿರುಗಿದವರು

ಆಸ್ಪತ್ರೆ ಚೌಕದ ಸಿಗ್ನಲ್‌ನಿಂದ ಗಾಡಿಗಳ ಓಟಕ್ಕೆ ಸಹಾಯವೇನೂ ಇಲ್ಲ, ಬರೀ ಅಡ್ಡಿ ಎಂದು ತಂಗಿ ಮೂರು ವರ್ಷದಿಂದ ಹೇಳುತ್ತ ಬಂದಿದ್ದಳು. ಇಬ್ಬರು ಅಕ್ಕತಂಗಿಯರಲ್ಲಿ ಚಿಕ್ಕವಳಾದ ಅವಳು ನಗರದ ಸಿಗ್ನಲ್ ವಿಭಾಗದಲ್ಲಿ ಎಂಜಿನಿಯರ್. ಅಡ್ಡರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಐವತ್ತು ಕಾರುಗಳು ಕೆಂಪು ದೀಪಕ್ಕೆ ಕೈಕಟ್ಟಿ ನಿಂತಿರುತ್ತವೆ ಎಂದು ಅವಳು ಮೀಟಿಂಗಿನಲ್ಲಿ ಅಂದಾಗ ಎಲ್ಲರೂ ನಕ್ಕಿದ್ದರು.

"ಒಂದು ಸಲ ಆರಿಸಿ ನೋಡೋಣ ಸರ್. ಮೊದಲು ಬಂದವರು ಮೊದಲು ಹೋಗ್ತಾರೆ. ಜನಕ್ಕೆ ಅಷ್ಟೂ ಬುದ್ಧಿ ಇರಲ್ವಾ?"

ಮುಖ್ಯ ಎಂಜಿನಿಯರ್ ಕೊನೆಗೆ ಒಂದು ತಿಂಗಳ ಪ್ರಯೋಗಕ್ಕೆ ಒಪ್ಪಿದರು. ದೀಪಗಳಿಗೆ ಗೋಣಿಚೀಲ ಕಟ್ಟಿದರು. ಚೌಕದ ನಡುವೆ ಬಣ್ಣ ಬಳಿದ ನಾಲ್ಕು ಪೀಪಾಯಿ ಇಟ್ಟರು. ಮೊದಲ ವಾರದಲ್ಲೇ ಒಂದು ಕಾರು ಕಾಯುವ ಹೊತ್ತು ನಲವತ್ತೆಂಟು ಸೆಕೆಂಡಿನಿಂದ ಹನ್ನೊಂದಕ್ಕೆ ಇಳಿಯಿತು. ತಂಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಲೆಕ್ಕ ತರುತ್ತಿದ್ದವರು ಗಾಡಿ ಎಣಿಸುವ ಹಿರಿಯರೊಬ್ಬರು. ರಸ್ತೆಯಂಚಿಗೆ ಮಡಚುವ ಕುರ್ಚಿ ಹಾಕಿಕೊಂಡು, ಅಂಗೈಯಲ್ಲಿ ಎಣಿಕೆಯ ಗುಂಡಿ ಒತ್ತುತ್ತ ಬೆಳಿಗ್ಗೆಯಿಂದ ಸಂಜೆವರೆಗೆ ಕೂರುವುದು ಅವರ ಕೆಲಸ. ಎರಡನೇ ವಾರ ಅವರು ತಂದ ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಒಂದು ಸಾಲಿತ್ತು: ದಾಟಲು ನಿಂತು, ದಾಟದೆ ಹಿಂತಿರುಗಿದವರು – ೩೭.

"ಇದೇನು ಯಜಮಾನ್ರೇ?"

"ಯಾರೂ ಎಣಿಸಿ ಅಂದಿರಲಿಲ್ಲ ಮೇಡಂ. ಕಣ್ಣೆದುರೇ ನಿಂತು ನಿಂತು ವಾಪಸ್ ಹೋಗ್ತಿದ್ರು. ಸುಮ್ನಿರೋಕಾಗ್ಲಿಲ್ಲ."

"ಇದಕ್ಕೆ ನಮ್ಮಲ್ಲಿ ಕಾಲಂ ಇಲ್ಲ. ಇನ್ಮೇಲೆ ಬರೀಬೇಡಿ." ಅವರ ಎದುರಿಗೇ ಅವಳು ರಬ್ಬರ್ ತೆಗೆದು ಆ ಸಾಲನ್ನು ಉಜ್ಜಿದಳು.

ತಂಗಿ ಇದ್ದದ್ದು ಅಕ್ಕನ ಜೊತೆ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಓದಿಸಿ ಈ ಮಟ್ಟಕ್ಕೆ ತಂದವಳು ಅಕ್ಕನೇ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆಗಳಿಗೆ ಹೊಲಿಗೆ ಹಾಕುತ್ತ ಅಕ್ಕನ ಬಲಗಣ್ಣು ಮಂಜಾಗಿತ್ತು. ಅವಳು ದಿನವೂ ದಾಟುವುದು ಅದೇ ಚೌಕ ಎನ್ನುವುದು ತಂಗಿಗೆ ಗೊತ್ತಿರದ ಸಂಗತಿಯೇನಲ್ಲ. ಯೋಚನೆ ಆ ಕಡೆ ಹೊರಳಿರಲಿಲ್ಲ, ಅಷ್ಟೇ. ಊಟಕ್ಕೆ ಕೂತಾಗಲೆಲ್ಲ ಹನ್ನೊಂದು ಸೆಕೆಂಡಿನ ಪುರಾಣ ಬಿಚ್ಚುತ್ತಿದ್ದಳು. ಅಕ್ಕ ಹೂಂಗುಟ್ಟುತ್ತಿದ್ದಳು. ಈಚೆಗೆ ಅಕ್ಕ ಬೆಳಿಗ್ಗೆ ಮುಕ್ಕಾಲು ಗಂಟೆ ಮುಂಚೆ ಹೊರಡುತ್ತಿದ್ದಳು. ಏಕೆಂದು ಕೇಳಿದರೆ, ಕೆಲಸ ಜಾಸ್ತಿ ಎನ್ನುತ್ತಿದ್ದಳು.

ನಾಲ್ಕನೇ ವಾರ ಮುಖ್ಯ ಎಂಜಿನಿಯರ್ ಬೇರೆ ಊರಿನ ಅಧಿಕಾರಿಗಳನ್ನು ಚೌಕಕ್ಕೆ ಕರೆತಂದರು. ತಂಗಿ ವಿವರಿಸುತ್ತಿದ್ದಳು. ಕಾರುಗಳು ಒಂದರ ಬೆನ್ನಿಗೊಂದು ಪೀಪಾಯಿಗಳನ್ನು ಬಳಸಿ ಸರಾಗವಾಗಿ ಸಾಗುತ್ತಿದ್ದವು.

"ನೋಡಿ, ಒಂದು ಗಾಡಿನೂ ನಿಂತಿಲ್ಲ!" ಎಂದರು ಮುಖ್ಯ ಎಂಜಿನಿಯರ್.

ಎದುರು ಬದಿಯಲ್ಲಿ ನಿಂತಿದ್ದವಳು ಅಕ್ಕ. ಒಂದು ಕಾಲು ರಸ್ತೆಗಿಳಿಸಿದಳು, ಹಿಂದಕ್ಕೆಳೆದುಕೊಂಡಳು. ಕಾಣುವ ಕಣ್ಣನ್ನು ಮುಂದೆ ತರಲು ಕತ್ತು ತಿರುಗಿಸಿ ಮತ್ತೆ ಇಳಿದಳು. ಹಾರ್ನ್ ಕಿವಿಗೆ ಬಡಿಯಿತು. ಚೀಲವನ್ನು ಎದೆಗವಚಿಕೊಂಡು ಹಿಂದೆ ಸರಿದಳು. ಆಗ ಅವಳಿಗೆ ತಂಗಿ ಕಂಡಳು. ಕೈ ಅರ್ಧ ಎತ್ತಿದಳು. ತಂಗಿಯ ಸುತ್ತ ಇದ್ದವರನ್ನು ನೋಡಿ ಆ ಕೈಯನ್ನು ಹಾಗೇ ಕೆಳಗಿಳಿಸಿ, ತಿರುಗಿ ನಡೆದುಬಿಟ್ಟಳು.

"ನಿಮಗೆ ಪರಿಚಯದವರಾ?" ಮುಖ್ಯ ಎಂಜಿನಿಯರ್ ಕೇಳಿದರು.

"ಇಲ್ಲ ಸರ್," ಎಂದಳು ತಂಗಿ.

ಬಾಯಿಂದ ಬಂದೇ ಹೋಯಿತು. ಆಮೇಲೂ ಅವಳು ಅರ್ಧ ಗಂಟೆ ನಗುನಗುತ್ತಲೇ ಮಾತಾಡಿದಳು. ಕುರ್ಚಿಯಲ್ಲಿದ್ದ ಹಿರಿಯರು ಮಾತ್ರ ಅವಳನ್ನೇ ನೋಡುತ್ತಿದ್ದರು.

ಸಂಜೆ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ತಂಗಿ ಬಾಗಿಲಲ್ಲೇ ನಿಂತಳು.

"ದಿನಾ ಹೇಗೆ ಹೋಗ್ತಿದ್ದೆ ಅಕ್ಕಾ?"

"ಒಂದು ಸ್ಟಾಪ್ ಬಸ್ಸಲ್ಲಿ ಹೋಗಿ, ಮೇಲ್ಸೇತುವೆ ಹತ್ತಿ ಇಳಿದು, ವಾಪಸ್ ನಡ್ಕೊಂಡು. ಇವತ್ತು ಬಸ್ ತಪ್ತು. ಧೈರ್ಯ ಮಾಡೋಣ ಅಂದ್ಕೊಂಡೆ, ಆಗ್ಲಿಲ್ಲ. ಗಾಡಿ ಎಷ್ಟು ದೂರ ಇದೆ ಅಂತ ಒಂದು ಕಣ್ಣಿಗೆ ಅಂದಾಜೇ ಸಿಗಲ್ಲ ಕಣೇ."

"ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ತಟ್ಟೆ ಮುಂದೆ ಕೂತು ಅಷ್ಟು ಖುಷಿಯಾಗಿ ಹೇಳ್ತಿದ್ದೆ."

"ನೀನು ಪರಿಚಯದವಳಾ ಅಂತ ನಮ್ಮ ಸರ್ ಕೇಳಿದ್ರು. ಇಲ್ಲ ಅಂದುಬಿಟ್ಟೆ."

ಅಕ್ಕನ ಕೈ ನಿಂತಿತು. ಕೈಯಲ್ಲಿದ್ದುದು ತಂಗಿಯದೇ ಅಂಗಿ. ಅದನ್ನು ಮಡಚಿ, ಉಳಿದವುಗಳ ಮೇಲಿಟ್ಟು, "ಅದನ್ನ ನನಗೆ ಹೇಳಬೇಕಾಗಿರಲಿಲ್ಲ," ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ತಂಗಿ ಹಿರಿಯರ ಕುರ್ಚಿಯ ಪಕ್ಕ ಹೋಗಿ ನಿಂತಳು. ಕ್ಷಮೆ ಕೇಳಲು ಮಾತು ಕೂಡಿಸಿಕೊಳ್ಳುವಷ್ಟರಲ್ಲಿ ಅವರು ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದರು.

"ಹಾಳೇಲಿ ಬರೀಬೇಡಿ ಅಂದ್ರಿ. ಎಣಿಸಬೇಡಿ ಅಂತೇನೂ ಅನ್ನಲಿಲ್ಲವಲ್ಲ ಮೇಡಂ." ಒಟ್ಟು ಇನ್ನೂರ ಹದಿನಾಲ್ಕು. ಊರುಗೋಲು, ತಳ್ಳುಗಾಡಿಯಲ್ಲಿ ಮಗು, ಬಸುರಿ – ಹೀಗೆ ಒಬ್ಬೊಬ್ಬರಿಗೂ ಒಂದೊಂದು ಪದ ಬರೆದಿದ್ದರು. ನಿನ್ನೆಯ ತಾರೀಕಿನ ಕೆಳಗೆ "ಚೀಲ ಹಿಡಿದ ಹೆಂಗಸು, ಎರಡು ಸಲ" ಎಂದಿತ್ತು.

ಅದರ ಮರುದಿನದ ಮೀಟಿಂಗಿನಲ್ಲಿ ಅವಳು ಆ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಸಾಲು ಅಳಿಸಿದ್ದು ತಾನೇ ಎಂದಳು. ಕಾರುಗಳ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ತಾನು ಎಣಿಸಿದ್ದು ಕಾರುಗಳನ್ನು ಮಾತ್ರ ಎಂದಳು. ಕೊನೆಗೆ, "ಮೊನ್ನೆ ಚೌಕದಲ್ಲಿ ಕೈ ಎತ್ತಿದವರು ನಮ್ಮಕ್ಕ ಸರ್," ಎಂದಳು.

ಮುಖ್ಯ ಎಂಜಿನಿಯರ್ ಕಡತ ಮುಚ್ಚಿದರು. "ನಿಮ್ಮನ್ನ ನಂಬಿ ನಾನು ನಾಲ್ಕು ಜನರ ಮುಂದೆ ಮಾತಾಡಿದ್ದೆ," ಎಂದರು, ಅಷ್ಟೇ. ಇನ್ನೊಂದು ತಿಂಗಳು ಕಳೆಯುವ ಮೊದಲೇ ಅವಳನ್ನು ನಾಮಫಲಕಗಳ ವಿಭಾಗಕ್ಕೆ ಹಾಕಿದರು.

ಚೌಕದಲ್ಲಿ ದೀಪ ಮತ್ತೆ ಉರಿಯಿತು. ಈ ಸಲ ನಡೆಯುವವರಿಗೆಂದೇ ಇಪ್ಪತ್ತೈದು ಸೆಕೆಂಡು ಸೇರಿಸಿದರು. ಕಾರುಗಳ ಸಾಲು ಮೊದಲಿಗಿಂತಲೂ ಉದ್ದವಾಯಿತು.

ಮೊದಲ ದಿನ ತಂಗಿ ಅಕ್ಕನ ಜೊತೆ ಹೊರಟಳು. ಅಕ್ಕ ಬೇಡ ಅನ್ನಲಿಲ್ಲ. ರಸ್ತೆಯಂಚಿನಲ್ಲಿ ತಂಗಿ ಕೈ ಚಾಚಿದಳು. ಅಕ್ಕ ಚೀಲವನ್ನು ತಂಗಿಯ ಕಡೆಗಿದ್ದ ತನ್ನ ಕೈಗೆ ಬದಲಾಯಿಸಿಕೊಂಡು, "ಹಸಿರು ಬಿತ್ತು, ನಡಿ," ಎಂದಳು. ಸಾಲುಗಟ್ಟಿ ನಿಂತ ಡ್ರೈವರುಗಳು ಸಿಡುಕು ಮುಖ ಮಾಡಿಕೊಂಡು ನೋಡುತ್ತಿದ್ದರು. ಅಕ್ಕ ಯಾರನ್ನೂ ನೋಡದೆ ನಿಧಾನವಾಗಿ ದಾಟಿದಳು. ತಂಗಿ ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದೆ ನಡೆದಳು.