ಕಲ್ಲುದೋಣಿಯ ಹಸಿರು ನೀರು

ನೆಂಟರೆಲ್ಲ ಊರಿಗೆ ಹೋಗಿದ್ದರು. ಹಂದರದ ಗಳಗಳನ್ನು ಬಿಚ್ಚಿ ಒಯ್ದಿದ್ದರು. ಮರುದಿನ ಬೆಳಿಗ್ಗೆ ಹಾಲಿನವನು ಎಂದಿನ ಹೊತ್ತಿಗೆ ಬಂದು ಎಂದಿನಷ್ಟೇ ಹಾಲು ಅಳೆದ. ಅದರಲ್ಲಿ ಕಾಲು ಲೀಟರ್ ನನ್ನ ಗಂಡನ ಚಹಾಕ್ಕೆ. ಅದು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಗಡಿಯಾಚೆಯ ಉಮರ್ಗಾದಲ್ಲಿ ಹೈವೇ ಪಕ್ಕ ನಮ್ಮ ಗ್ಯಾರೇಜು. ಹಿಂದೆ ಮನೆ, ನಡುವೆ ಅಂಗಳ. ಅದಕ್ಕೆ ಹದಿಮೂರು ದಿನ ಮೊದಲು ನನ್ನ ಗಂಡ ಪಂಕಜ ರಸ್ತೆಯಲ್ಲಿ ಕೆಟ್ಟು ನಿಂತ ಟೆಂಪೊ ನೋಡಲು ಹೋದರು. ಹಿಂದಿನಿಂದ ಬಂದ ಲಾರಿ ಅವರನ್ನು ನೋಡಲಿಲ್ಲ. ಅದರ ಬಗ್ಗೆ ಇಷ್ಟೇ ನನಗೆ ಹೇಳಲು ಬರುವುದು.

ಅದು ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ. ನಮ್ಮ ಓಣಿಗೆ ಟ್ಯಾಂಕರ್ ಬಂದು ಆರು ದಿನವಾಗಿತ್ತು. ಅಕ್ಕಿ ತೊಳೆದ ನೀರು ಗಿಡಕ್ಕೆ, ಕೈ ತೊಳೆದ ನೀರು ಅಂಗಳಕ್ಕೆ. ಯಾರ ಮನೆಯಲ್ಲೂ ಒಂದು ಲೋಟ ನೀರು ಸುಮ್ಮನೆ ನೆಲಕ್ಕೆ ಬೀಳುತ್ತಿರಲಿಲ್ಲ.

ನನ್ನ ಮಾವ ವಿಶ್ವನಾಥಪ್ಪ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಗ್ಯಾರೇಜಿನ ಶಟರ್ ಎತ್ತಿದರು. ಒಳಗೆ ಮಾಸ್ತರರೊಬ್ಬರ ಕಾರು ಅಷ್ಟೂ ದಿನದಿಂದ ನಿಂತಿತ್ತು. ಮಾವ ಅದರ ರೇಡಿಯೇಟರಿನ ಕೆಳಗೆ ಬಕೆಟ್ ಇಟ್ಟು ತಿರುಪು ಬಿಚ್ಚಿದರು. ಎಂಜಿನ್ನನ್ನು ತಣ್ಣಗಿಡುವ ಹಳೆಯ ಕೂಲಂಟ್ ಸಣ್ಣ ಧಾರೆಯಾಗಿ ಇಳಿಯತೊಡಗಿತು.

ಆ ವರ್ಷ ಯಾವ ಹೊಲದಲ್ಲೂ ಇಲ್ಲದ ಹಸಿರು ಆ ಬಕೆಟಿನಲ್ಲಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಬಿಸಿಲು ಬಿದ್ದು ಅದು ಎಳೆ ಜೋಳದ ಎಲೆಯಂತೆ ಹೊಳೆಯಿತು. ಹೈವೇಯ ಸದ್ದು ಎಲ್ಲೋ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಆ ದಿನಗಳಲ್ಲಿ ನನಗೆ ಎಲ್ಲವೂ ಹಾಗೆಯೇ ಕೇಳುತ್ತಿತ್ತು.

"ಮುತ್ಯಾ, ಶರಬತ್ ಏನದು?" ನನ್ನ ಮಗಳು ಸ್ನೇಹಲ ಅಜ್ಜನನ್ನು ಕೇಳಿದಳು. ಅವಳಿಗೆ ನಾಲ್ಕು ವರ್ಷ.

"ನಿನಗಲ್ಲವ್ವ. ದನಕ್ಕ."

ಅಂಗಳದ ಮೂಲೆಯಲ್ಲಿ ದನಗಳಿಗೆ ನೀರಿಡುವ ಕಲ್ಲಿನ ದೋಣಿಯಿದೆ. ತೊಂಬತ್ಮೂರರಲ್ಲಿ ಭೂಕಂಪವಾದಾಗ ಮಾವ ಮಾಕಣಿ ಹತ್ತಿರದ ಹಳ್ಳಿಯಲ್ಲಿದ್ದರು. ಮನೆ ಕುಸಿಯಿತು. ಕಟ್ಟಿದ ಎರಡು ಎತ್ತು, ಒಂದು ಆಕಳು ಕಲ್ಲಿನಡಿ ಉಳಿದವು. ಅಗೆದಾಗ ಒಡೆಯದೆ ಸಿಕ್ಕದ್ದು ಆ ದೋಣಿ ಒಂದೇ. ಅದನ್ನು ಗಾಡಿಯಲ್ಲಿ ಹಾಕಿಕೊಂಡು ಉಮರ್ಗಾಕ್ಕೆ ಬಂದರು. ಬಾಗಿಲಿಗೆ ಬಂದ ಯಾವ ಜೀವವೂ ನೀರಡಿಸಿ ಹೋಗಬಾರದು ಎಂದು ಅಂದಿನಿಂದ ದಿನಾ ತುಂಬಿಸುತ್ತಾರೆ. ನೀರು ಸಾಲದ ವರ್ಷ ಗಾಡಿಗಳ ರೇಡಿಯೇಟರಿನಿಂದ ತೆಗೆದದ್ದನ್ನೂ ಅದಕ್ಕೇ ಸುರಿಯುತ್ತಾರೆ. ಹಳೆಯ ಜೀಪುಗಳಲ್ಲಿ ಬರೀ ನೀರೇ ಇರುತ್ತಿತ್ತು. ಈಗ ಅದರೊಳಗಿನ ವಸ್ತು ಬದಲಾಗಿದೆ, ಮಾವನ ರೂಢಿ ಬದಲಾಗಿಲ್ಲ.

ಈ ಹೊಸ ವಸ್ತುವಿನ ಕೇಡು ನನ್ನ ಗಂಡನಿಗೆ ಗೊತ್ತಿತ್ತು. ಹಿಂದಿನ ತಿಂಗಳು ನಮ್ಮ ನಾಯಿ ಮೋತಿ ಕುಡಿದವರಂತೆ ತೂರಾಡಿತು. ಮರುದಿನ ಚೇತರಿಸಿಕೊಂಡಂತೆ ಕಂಡಿತು. ಮೂರನೆಯ ದಿನ ಸತ್ತಿತು. ಬಿಸಿಲಿಗೆ ಎಂದರು ಮಾವ. ಪಂಕಜ ಏನೂ ಅನ್ನದೆ ಉದಗೀರಿಗೆ ಹೋಗಿ, ಗೆಳೆಯ ಬಸವಕುಮಾರರ ಗ್ಯಾರೇಜಿನಿಂದ ಕೂಲಂಟ್ ಬದಲಿಸುವ ಮಷೀನ್ ಎರವಲು ತಂದರು.

"ಅಪ್ಪಗ ನೀನೇ ಹೇಳು," ಎಂದಿದ್ದರು ನನಗೆ. "ನಾ ಹೇಳಿದ್ರ ಜಗಳಾ ಆಗ್ತದ. ನೀ ಕಲಬುರ್ಗಿದಾಗ ಕೆಮಿಸ್ಟ್ರಿ ಓದಿದಾಕಿ, ನಿನ್ನ ಮಾತು ಕೇಳ್ತಾನ."

"ನಾಳಿ ಹೇಳ್ತೀನಿ," ಎಂದಿದ್ದೆ.

ಮರುದಿನ ಬೆಳಿಗ್ಗೆಯೇ ಆ ಟೆಂಪೊ ಕೆಟ್ಟಿತು.

ಮಷೀನ್ ತಾಡಪತ್ರಿ ಹೊದ್ದು ಗೋಡೆಗೆ ನಿಂತಿತ್ತು. ಮಾವ ಬಕೆಟ್ ಎತ್ತಿಕೊಂಡು ದೋಣಿಯ ಹತ್ತಿರ ಹೋದರು. ಅದೇ ಹೊತ್ತಿಗೆ ಪಕ್ಕದ ಮನೆಯ ಮಲಕಮ್ಮ ತನ್ನ ಆಕಳನ್ನು ಹಿಡಿದುಕೊಂಡು ಬಂದಳು. ಆಕಳ ಹೆಸರು ಚಂದ್ರಿ. ಗಬ್ಬದ ಆಕಳು, ಇನ್ನೊಂದು ತಿಂಗಳಲ್ಲಿ ಈಯಬೇಕು. ದೋಣಿಯ ತಳದಲ್ಲಿ ಎರಡು ಕೊಡ ನೀರಿತ್ತು. ಮಾವ ಬಕೆಟ್ ಬಗ್ಗಿಸಿದರು. ಹಸಿರು ನಿಧಾನವಾಗಿ ನೀರಿನಲ್ಲಿ ಹರಡಿತು. ಚಂದ್ರಿ ಮೂಗು ಚಾಚಿದಳು.

ಯಾವಾಗ ಓಡಿದೆನೋ ಗೊತ್ತಿಲ್ಲ. ದೋಣಿಗೂ ಆಕಳಿಗೂ ನಡುವೆ ನಿಂತಿದ್ದೆ. ಅವಳ ಬಿಸಿ ಉಸಿರು ನನ್ನ ಅಂಗೈಗೆ ತಾಗುತ್ತಿತ್ತು.

"ಹಗ್ಗಾ ಜಗ್ಗು ಮಲಕಮ್ಮ. ಕುಡಿಯಾಕ ಬಿಡಬ್ಯಾಡ."

ಮಲಕಮ್ಮ ಹಗ್ಗ ಜಗ್ಗಿದಳು. ಆಮೇಲೆ ಸಿಟ್ಟು ಬಂತು. "ಅಯ್ಯವ್ವ! ನಿಮ್ಮ ದೋಣ್ಯಾಗಿನ ನೀರಿಗೂ ಸೂತಕ ಹತ್ತಿತೇನ?"

"ಲಿಂಗಾ ಕಟ್ಟಿದ ನಮಗ ಸೂತಕ ಇಲ್ಲ. ನಾಲಿಗಿ ಹಿಡಿ," ಎಂದರು ಮಾವ. ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು. "ಏನಾಯ್ತವ್ವ ಪ್ರಣಿತಾ? ಒಳಗ ಹೋಗಿ ಜರಾ ಮಲಕ್ಕೋ."

"ಮಾವ, ಇದು ನೀರಲ್ಲರೀ. ವಿಷ."

"ರೇಡಿಯೇಟರ್ ನೀರು ವಿಷಾನಾ? ಇಪ್ಪತ್ತು ವರ್ಷ ಇದೇ ಕೆಲಸಾ ಮಾಡೀನಿ."

"ಅರ್ಧ ನೀರು ಖರೆ. ಇನ್ನರ್ಧ ನೀವು ಡಬ್ಬಿಯಿಂದ ಹಾಕ್ತೀರಲ್ಲ, ಅದು. ಹೊಟ್ಟಿಗಿ ಹೋದ್ರ ಕಿಡ್ನಿ ಕೆಡಸ್ತದ."

"ಹಂಗಿದ್ರ ದನಾ ಮೂಸಿ ಬಿಡ್ತಿದ್ದವು!" ಮಾವನ ದನಿಯಲ್ಲಿ ಹೆಮ್ಮೆಯೇ ಇತ್ತು. "ನೀ ನೋಡಿಲ್ಲ. ಬ್ಯಾರೆ ಕಡಿ ನೀರು ಬಿಟ್ಟು ನನ್ನ ದೋಣಿಗಿ ಹುಡುಕ್ಕೊಂಡ ಬರ್ತಾವ. ಸಿಹಿ ಅದ ಅದು."

"ಅದಕ್ಕೇ ಮಾವ," ಎಂದೆ. "ಸಿಹಿ ಅದ ಅಂತನೇ ಕುಡೀತಾವ. ಮೋತಿನೂ ಇದನ್ನೇ ಕುಡೀತು."

"ಮೋತಿ ಬಿಸಿಲಿಗಿ…"

"ಬಿಸಿಲಿಗಿ ಬಿದ್ದ ನಾಯಿ ಹಂಗ ತೂರಾಡಿ, ಮರುದಿನ ಎದ್ದು ಬಾಲಾ ಅಲ್ಲಾಡಸ್ತದೇನ್ರಿ? ಮೊದಲು ನಶಾ ಬಂದಂಗ ಆಗ್ತದ. ಆಮ್ಯಾಲ ಆರಾಮ ಆದಂಗ ಕಾಣ್ತದ. ಒಳಗ ಕಿಡ್ನಿ ಹೋಗಿರ್ತದ. ನಿಮ್ಮ ಮಗನಿಗಿ ಗೊತ್ತಿತ್ತು. ನನಗೂ ಗೊತ್ತಿತ್ತು. ನಿಮಗ ಹೇಳು ಅಂದಿದ್ರು. ನಾ ಹೇಳಲಿಲ್ಲ."

ಹದಿಮೂರು ದಿನದಲ್ಲಿ ನಾನು ಅಷ್ಟು ಮಾತಾಡಿರಲಿಲ್ಲ.

ಮಲಕಮ್ಮ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. "ನನ್ನ ಆಡೂ ಹಿಂಗೇ ಹೋಯ್ತು," ಎಂದಳು. "ಶಿವರಾತ್ರಿ ಮುಂದ. ದಿನಾ ಇಲ್ಲೇ ಬರ್ತಿತ್ತು."

ಮಾವ ಬಕೆಟ್ ಕೆಳಗಿಟ್ಟರು. ದೋಣಿಯ ಅಂಚಿಗೆ ಕೈ ಇಟ್ಟುಕೊಂಡು ಕೂತರು.

"ಎಷ್ಟ ಜೀವ ಬಂದು ಹೋದವೋ. ನಾನೇ ಕರದೀನಿ."

ನನ್ನ ಅತ್ತೆ ಸುಮನಬಾಯಿ ಹೊರಗೆ ಬಂದು ಸ್ನೇಹಲಳನ್ನು ಸೊಂಟಕ್ಕೆತ್ತಿಕೊಂಡರು. "ಈಗ ಇದನ್ನ ಗಟಾರಕ್ಕ ಚೆಲ್ಲೂಣೇನವ್ವ?"

"ಬ್ಯಾಡ್ರಿ ಅತ್ತಿ. ಗಟಾರದಾಗೂ ನಾಯಿ ಕುಡೀತಾವ. ನೆಲಕ್ಕ ಚೆಲ್ಲಿದ್ರೂ ನೆಕ್ತಾವ."

ತಾಡಪತ್ರಿ ತೆಗೆದೆ. ಮಷೀನು ಚಕ್ರವಿರುವ ಸಣ್ಣ ಕಪಾಟಿನಂತಿತ್ತು. ಎರಡು ಮುಚ್ಚಿದ ಟ್ಯಾಂಕಿ, ಒಂದು ಹಳೆಯದಕ್ಕೆ, ಒಂದು ಹೊಸದಕ್ಕೆ. ಎರಡು ಪಾರದರ್ಶಕ ಪೈಪು. ಮೇಲೆ ಒಂದು ಚೀಟಿ ಅಂಟಿತ್ತು. ಪಂಕಜ ಬರೆದದ್ದು: ಬಸವಕುಮಾರ, ಉದಗೀರ. ನಾಕು ದಿನ.

ಅದನ್ನು ನಡೆಸುವ ಬಗೆ ಅವರು ತೋರಿಸಿಕೊಟ್ಟಿದ್ದು ನೆನಪಿತ್ತು. ಮಾವ ಎದ್ದು ತಂತಿಗಳನ್ನು ನಮ್ಮ ಜೀಪಿನ ಬ್ಯಾಟರಿಗೆ ಸೇರಿಸಿದರು. ನಾನು ಹಳೆಯದರ ಪೈಪನ್ನು ದೋಣಿಯಲ್ಲಿ ಬಿಟ್ಟು ಗುಂಡಿ ಒತ್ತಿದೆ. ಹಸಿರು ಪೈಪಿನೊಳಗೆ ಮೇಲಕ್ಕೆ ಏರಿತು. ನಡುನಡುವೆ ಸಣ್ಣ ಗುಳ್ಳೆಗಳು. ಬಳ್ಳಿಯೊಂದು ನೋಡುನೋಡುತ್ತ ಬೆಳೆದು ಕಪಾಟಿನೊಳಗೆ ಹೋದ ಹಾಗಿತ್ತು. ಎಲ್ಲರೂ ನೋಡುತ್ತ ನಿಂತೆವು.

ಕೊನೆಗೆ ಪೈಪು ಗೊರಗೊರ ಎಂದಿತು.

"ನಿಮ್ಮ ಮಷೀನಾನೂ ನಮ್ಮ ಚಂದ್ರಿ ಹಂಗೇ ಕುಡೀತದ ನೋಡು. ತಳಾ ಕಾಣೂತನಾ ಬಿಡಾಂಗಿಲ್ಲ," ಎಂದಳು ಮಲಕಮ್ಮ.

ಅತ್ತೆ ನಕ್ಕರು. ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ದೋಣಿಯ ತಳದಲ್ಲೂ ಬಕೆಟಿನಲ್ಲೂ ಉಳಿದದ್ದನ್ನು ಬಿರಟೆಯಿರುವ ಕ್ಯಾನುಗಳಿಗೆ ತುಂಬಿದೆವು. ದೋಣಿ ತೊಳೆಯಲು ನೀರು ಬೇಕಿತ್ತು. ಯಾರೂ ಕೇಳುವ ಮೊದಲೇ ಮಲಕಮ್ಮ ತನ್ನ ಮನೆಯಿಂದ ಒಂದು ಕೊಡ ಹೊತ್ತು ತಂದಳು. ಅತ್ತೆ ನಮ್ಮ ಕುಡಿಯುವ ನೀರಿನ ಕೊಡ ತಂದರು. ಮೂರು ಸಲ ತಿಕ್ಕಿ ತೊಳೆದೆವು. ತೊಳೆದ ನೀರನ್ನೂ ಕ್ಯಾನಿಗೇ ತುಂಬಿದೆವು. ಉಳಿದ ಅರ್ಧ ಕೊಡವನ್ನು ಮಾವ ದೋಣಿಗೆ ಸುರಿದರು. ಆ ನೀರಿಗೆ ಯಾವ ಬಣ್ಣವೂ ಇರಲಿಲ್ಲ. ಕಲ್ಲಿನ ತಳ ಕಾಣುತ್ತಿತ್ತು. ಚಂದ್ರಿ ಕುಡಿದಳು.

ಆಮೇಲೆ ಮಾಸ್ತರರ ಕಾರಿಗೆ ಮಾವನೇ ಮಷೀನಿನಿಂದ ಹೊಸ ಕೂಲಂಟ್ ತುಂಬಿದರು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ಮೂರನೆಯ ದಿನ ಜೀಪಿನಲ್ಲಿ ಮಷೀನು, ಕ್ಯಾನುಗಳನ್ನು ಹಾಕಿಕೊಂಡು ಉದಗೀರಿಗೆ ಹೊರಟೆವು. ಮಾವ ಗಾಡಿ ಓಡಿಸಿದರು. ಸ್ನೇಹಲ ನನ್ನ ತೊಡೆಯ ಮೇಲೆ ನಿದ್ದೆಹೋದಳು. ಕಾಸಾರಶಿರಸಿ ದಾಟಿತು, ನಿಲಂಗಾ ದಾಟಿತು. ಬೋಳು ಹೊಲಗಳು ತೇಲುತ್ತ ಹಿಂದೆ ಸರಿದವು. ನಮ್ಮ ಓಣಿಯ ಬಚತಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರಿಗೆ ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡೆ. ಅದನ್ನೇ ನಿಮಗೂ ಹೇಳುತ್ತೇನೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೂಲಂಟ್ ನೀರಲ್ಲ. ಹಸಿರಿರಲಿ, ಕೆಂಪಿರಲಿ, ನೀಲಿಯಿರಲಿ, ಅದು ವಿಷ. ಸಿಹಿಯಾದ ವಿಷ. ದನದ ದೋಣಿಗೆ, ಗಟಾರಕ್ಕೆ, ಅಂಗಳದ ಮಣ್ಣಿಗೆ ಸುರಿಯಬೇಡಿ. ಉಳಿದದ್ದನ್ನು ಶರಬತ್ತಿನ ಬಾಟಲಿಯಲ್ಲೋ ನೀರಿನ ಬಾಟಲಿಯಲ್ಲೋ ಇಡಬೇಡಿ, ಮಕ್ಕಳು ಬಣ್ಣ ನೋಡಿ ಕುಡಿಯುತ್ತಾರೆ. ಹಳೆಯದನ್ನು ಮುಚ್ಚಿದ ಟ್ಯಾಂಕಿಗೆ ಎಳೆದುಕೊಳ್ಳುವ ಮಷೀನು ಇರುವ ಗ್ಯಾರೇಜಿನಲ್ಲೇ ಬದಲಿಸಿ. ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ನಿಮ್ಮಲ್ಲಿ ಮಷೀನು ಇಲ್ಲವೇ? ಬಿರಟೆಯಿರುವ ಕ್ಯಾನಿಗೆ ತುಂಬಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಅಂಥ ಗ್ಯಾರೇಜಿಗೆ ಒಯ್ದು ಕೊಡಿ. ಮಗುವೋ ದನವೋ ಒಂದು ಗುಟುಕು ಕುಡಿದಿದ್ದರೂ ಆರಾಮಾಗಿದೆ ಎಂದು ಕಾಯಬೇಡಿ. ಆ ಡಬ್ಬಿಯನ್ನೂ ಹಿಡಿದುಕೊಂಡು ಅದೇ ಗಳಿಗೆ ಡಾಕ್ಟರ ಹತ್ತಿರ ಓಡಿ. ಮತ್ತೆ, ಇದನ್ನು ನಿಮ್ಮ ಮನೆಯ ಹಿರಿಯರಿಗೆ ಇಂದೇ ಹೇಳಿ. ನಾಳೆ ಹೇಳುತ್ತೇನೆ ಎನ್ನಬೇಡಿ.

ಉದಗೀರಿನಲ್ಲಿ ಬಸವಕುಮಾರ ಗ್ಯಾರೇಜಿನ ಹೊರಗೇ ನಿಂತಿದ್ದರು. ಕ್ಯಾನುಗಳನ್ನು ಒಳಗಿನ ದೊಡ್ಡ ಪೀಪಾಯಿಯ ಹತ್ತಿರ ಇಡಿಸಿದರು. ಹಳೆಯದನ್ನು ಒಯ್ಯುವವರು ತಿಂಗಳಿಗೊಮ್ಮೆ ಬರುತ್ತಾರಂತೆ.

"ಇಂಥಾದ್ದು ಒಂದು ನಮಗೂ ತರಸಿಕೊಡಪ್ಪ," ಎಂದರು ಮಾವ. "ಅಂವಾ ತರೂದು ಉಳೀತು."

"ಅಲ್ಲೀತನಾ ಇದನ್ನೇ ಇಟಗೋರಿ ಕಾಕಾ. ನನಗ ಅವಸರ ಇಲ್ಲ."

"ಬ್ಯಾಡ್ರಿ ಅಣ್ಣ," ಎಂದೆ. "ನಾಕು ದಿನಾ ಅಂತ ಬರದಾರ. ಭಾಳ ದಿನ ಆಯ್ತು."

ಮಷೀನನ್ನು ಜೀಪಿನಿಂದ ಇಳಿಸಿದೆವು. ಒರೆಸಿ ತಂದಿದ್ದೆ. ಚೀಟಿಯನ್ನು ಕಿತ್ತಿರಲಿಲ್ಲ. ಬಸವಕುಮಾರ ಹಿಡಿಕೆಗೆ ಕೈ ಹಾಕಿದರು. ಮೆಲ್ಲಗೆ ಎಳೆದರು, ಅದು ಬರಲಿಲ್ಲ.

"ಬಿಡ್ರಿ ತಂಗಿ," ಎಂದರು. "ಹಿಡದೀನಿ."

ಆಗ ನೋಡಿಕೊಂಡೆ, ನಾನಿನ್ನೂ ಹಿಡಿದೇ ಇದ್ದೆ. ಬಿಟ್ಟೆ.