ಇಂದೂಬಾಯಿಯ ಚಿತೆಯ ಮುಂದೆ

ಬಂಡುರಾವ್ ಹಿಂದಿನಿಂದ ನುಗ್ಗಿ ಮಾಳಮ್ಮನ ಹೆರಳು ಹಿಡಿದೆಳೆದ. ಅವಳು ಕಮಲಾಪುರದ ಹಳ್ಳದ ಕಲ್ಲುಗಳ ಮೇಲೆ ಬಿದ್ದಳು. ಕೈಯಲ್ಲಿದ್ದ ಕೊಳ್ಳಿ ದೂರ ಸಿಡಿಯಿತು.

“ಹಮಾಲನ ಮಗಳು ನನ್ನ ಹೆಂಡತಿಗೆ ಬೆಂಕಿ ಇಡ್ತಾಳೇನು? ಗಂಡ ಇನ್ನೂ ಸತ್ತಿಲ್ಲ!”

ಏಳು ವರ್ಷದಿಂದ ದೂರವಿದ್ದ ಗಂಡ ಹೆಣದ ಹೊತ್ತಿಗೆ ಬಂದಿದ್ದ. ಇಂದೂಬಾಯಿಯನ್ನು ಕಾಮಾಲೆ ಹದಿನೈದೇ ದಿನದಲ್ಲಿ ಮುಗಿಸಿತ್ತು. “ಬೆಂಕಿ ಮಾಳಮ್ಮನೇ ಇಡಲಿ, ಅಣ್ಣಾ. ಅಕಿ ನನ್ನ ಮಗಳಿದ್ದಂಗ” ಎಂದು ಅವಳು ಕೇಳಿದಾಗ ಅಣ್ಣ ಗೋಪಾಲ ಹೂಂ ಎಂದಿದ್ದ. ಈಗ ಅವನು ಭಟ್ಟರ ಮುಖ ನೋಡಿದ.

“ಹಕ್ಕು ಗಂಡಂದೇ ರೀ, ಗೋಪಾಲರಾವ್,” ಎಂದರು ಭಟ್ಟರು.

*

ತೊಂಬತ್ತೊಂಬತ್ತರಲ್ಲಿ, ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯಲ್ಲಿ ಇಂದೂಬಾಯಿ ಜೀವಶಾಸ್ತ್ರದ ಟ್ಯೂಷನ್ ಹೇಳುತ್ತಿದ್ದಾಗ, ಹುಡುಗಿಯರ ಮುಂದೆಯೇ ಬಂಡು ಬಾಗಿಲ ಅಗಳಿಯಿಂದ ಹೊಡೆದಿದ್ದ. ಬಲಗೈ ಮುರಿಯಿತು. ಆಸ್ಪತ್ರೆಗೆ ಬಂದ ಗೋಪಾಲ, “ಸಂಭಾಳಿಸಿಕೊಂಡು ಹೋಗವಾ. ಮಂದಿ ಏನಂದಾರು?” ಎಂದಷ್ಟೇ ಹೇಳಿ ಬಸ್ಸು ಹತ್ತಿದ. ಅವಳನ್ನು ತನ್ನ ಮನೆಗೆ ಕರೆದೊಯ್ದವಳು ಶಿಷ್ಯೆ ಮಾಳಮ್ಮ. ನಂದೂರಿನ ದಾಲ್ ಮಿಲ್ಲಿನಲ್ಲಿ ಚೀಲ ಹೊರುವವನ ಮಗಳು.

ಹತ್ತನೇ ದಿನ ಗೋಪಾಲ ಅಲ್ಲಿಗೆ ಹೋದಾಗ ತಂಗಿ ಎಡಗೈಯಿಂದ ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದಳು.

“ರೈಬೋಸೋಮ್ ಒಂದು ಪ್ರೋಟೀನ್ ಕಟ್ಟಿ ಮುಗಿಸ್ತದ. ಆಮ್ಯಾಲ ಆರ್‌ಎನ್‌ಎ ಎಳಿಗೇ ಸಿಕ್ಕೊಂಡು ಕೂಡ್ತದ. ಅದನ್ನ ಬಿಡಿಸಿ ಮತ್ತ ಕೆಲಸಕ್ಕ ಹಚ್ಚಾಕ ಇನ್ನೊಂದು ಪ್ರೋಟೀನ್ ಬೇಕು. ಮನುಷ್ಯಾರ ಜೀವಕೋಶದಾಗೂ ಅಂಥಾದ್ದು ಅದ ಅಂತ ಈಗ ಗೊತ್ತಾಗ್ಯಾದ.”

“ಅದು ಬರ್ಲಿಲ್ಲಂದ್ರ, ಬಾಯಾರ?” ಮಾಳಮ್ಮ ಕೇಳಿದಳು.

“ಹಂಗೇ ಕೂತು ಸಾಯೂದು.”

ಇಂದೂಬಾಯಿ ಬಾಗಿಲ ಕಡೆ ತಿರುಗಿ ನೋಡಲಿಲ್ಲ. ಗೋಪಾಲ ತಂದ ಹಣ್ಣಿನ ಚೀಲವನ್ನು ಹೊಸ್ತಿಲ ಮೇಲಿಟ್ಟು ಹಿಂತಿರುಗಿದ.

*

ಬಂಡು ಕೊಳ್ಳಿಗೆ ಬಾಗಿದ. ಮಾಳಮ್ಮ ತೆವಳಿ ಬಂದು ಅವನ ಕಾಲು ತಬ್ಬಿದಳು. ಅವನು ಇನ್ನೊಂದು ಕಾಲಿನಿಂದ ಅವಳ ಮುಖಕ್ಕೆ ಒದ್ದ, ತುಟಿ ಹರಿಯಿತು.

ಗೋಪಾಲ ಹುಟ್ಟಿದಾಗಿನಿಂದ ಯಾರ ಮೇಲೂ ಕೈ ಎತ್ತಿದವನಲ್ಲ. ಅವನ ಮುಷ್ಟಿ ಬಂಡುವಿನ ಬಾಯಿಗೆ ಬಿತ್ತು. ಮತ್ತೆ ಬಿತ್ತು. ಕೆಡವಿ, ಎದೆಯ ಮೇಲೆ ಕೂತು, ಏದುಸಿರು ಬಿಡುತ್ತ ಹೊಡೆದ. ನಾಲ್ಕು ಮಂದಿ ಸೇರಿ ಎಳೆಯಬೇಕಾಯಿತು.

“ಸೂತಕದಾಗ ರಕ್ತ ಹರಿಸ್ತೀರೇನ್ರೀ!” ಭಟ್ಟರು ಕೂಗಿದರು.

“ತಡ ಆತ್ರೀ. ಭಾಳ ತಡ ಆತು,” ಎಂದ ಗೋಪಾಲ. “ಏಳವ್ವಾ ಮಾಳಮ್ಮಾ. ನಿಮ್ಮ ಬಾಯಾರು ಕಾಯಾಕತ್ತಾರ.”

ಭಟ್ಟರು ಧೋತರ ಕೊಡವಿ ಹೊರಟೇಬಿಟ್ಟರು. ಮಾಳಮ್ಮ ಬೆಂಕಿ ಇಟ್ಟಳು. ಗೋಪಾಲ ಕೈ ಮುಗಿದ. ಬೆರಳ ಗೆಣ್ಣಿನಲ್ಲಿ ಬಂಡುವಿನ ಹಲ್ಲಿನ ಚೂರು ನಾಟಿಕೊಂಡಿತ್ತು. ಅಲ್ಲಿಂದ ರಕ್ತ ಎದೆಗೆ ಹನಿದು, ಜನಿವಾರದ ಎಳೆಗಳನ್ನು ಒಂದೊಂದಾಗಿ ತೋಯಿಸುತ್ತಿತ್ತು.